ಸ್ಟಿಕ್ಕರ್ ಅಡಿಯ ಕಾಫಿ

ನಮ್ಮ ಬಡಾವಣೆಯ ದರ್ಶಿನಿಯ ದರಪಟ್ಟಿಯಲ್ಲಿ ಕಾಫಿಯ ಸಾಲು ಮಾತ್ರ ಉಬ್ಬಿಕೊಂಡಿದೆ. ರಾಗಿ ಮಾಲ್ಟ್, ಬಾದಾಮಿ ಹಾಲು ಎಲ್ಲ ಬೋರ್ಡಿಗೆ ಅಂಟಿ ಚಪ್ಪಟೆಯಾಗಿವೆ. ಕಾಫಿಯ ಮುಂದೆ ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಕೂತು, ಕೈಯಾಡಿಸಿದರೆ ದಿಬ್ಬದಂತೆ ತಗಲುತ್ತದೆ. ಮೊನ್ನೆ ಕ್ಯೂ ಮುಂದಕ್ಕೆ ಹೋಗದೆ ನಿಂತಾಗ ಉಗುರಿನಿಂದ ಅಂಚು ಎತ್ತಿ ನೋಡಿದೆ. 20ರ ಕೆಳಗೆ 18, ಅದರ ಕೆಳಗೆ 15, ಅದರಡಿಯಲ್ಲಿ ಯಾರೋ ಪೆನ್ನಿನಲ್ಲಿ ತಿದ್ದಿದ 12. ಇನ್ನಷ್ಟು ಕೆರೆದಿದ್ದರೆ ಕದಂಬರ ಕಾಲದ ಕಾಫಿ ಸಿಗುತ್ತಿತ್ತೋ ಏನೋ.

ಪಕ್ಕದಲ್ಲೇ ಒಂದು ಚೀಟಿ: 'ದರ ಪರಿಷ್ಕರಿಸಲಾಗಿದೆ, ಗ್ರಾಹಕರು ಸಹಕರಿಸಬೇಕು.' ನಾನು ಕಲಿತ ಕನ್ನಡದಲ್ಲಿ ಪರಿಷ್ಕರಿಸುವುದೆಂದರೆ ತಪ್ಪು ತಿದ್ದುವುದು. ಅಲ್ಲಿಗೆ 18 ಎಂಬುದು ಇಷ್ಟು ದಿನ ಯಾರ ಕಣ್ಣಿಗೂ ಬೀಳದ ಅಚ್ಚಿನ ದೋಷವಾಗಿತ್ತು ಎಂದಾಯಿತು.

ಜೊತೆಗೆ ಗೆಳೆಯನಿದ್ದ. ಅಭ್ಯಾಸಬಲದಿಂದ "ಒಂದು ಬೈ ಟು" ಎಂದೆ.

"ಬೈ ಟು ನಿಲ್ಸಿದೀವಿ ಸಾರ್."

"ಯಾಕ್ರೀ?"

"ಈಗ ಕೊಡೋದೇ ಬೈ ಟು."

ಲೋಟ ಬಂತು. ನೊರೆ ಕಂಠಮಟ್ಟ ಇತ್ತು. ನೊರೆ ಕೂತ ಮೇಲೆ ನೋಡಿದರೆ, ಬೇಸಿಗೆಯ ಕೆರೆಯ ಹಾಗೆ ದಡವೇ ಜಾಸ್ತಿ. ಎರಡು ಗುಟುಕಿಗೆ ತಳ ಕಂಡಿತು. ಮೂರನೆಯದು ಬರೀ ಸದ್ದು.

ಗಲ್ಲಾದವರನ್ನು ದೂರುವಂತಿಲ್ಲ. ಮೊದಲು 'ಚಿಲ್ರೆ ಕೊಡಿ' ಬಿಟ್ಟು ಬೇರೆ ಮಾತಾಡದಿದ್ದ ಆ ಮನುಷ್ಯ ಈಗ ಬ್ರೆಜಿಲಿನ ಹವಾಮಾನ ಹೇಳುತ್ತಾರೆ. ಹೇಳುವುದೆಲ್ಲ ನಿಜವೇ. 2024ರಲ್ಲಿ ಜಗತ್ತಿಗೆ ಅತಿ ಹೆಚ್ಚು ಕಾಫಿ ಕೊಡುವ ಬ್ರೆಜಿಲ್, ವಿಯೆಟ್ನಾಂ ಎರಡೂ ಕಡೆ ಬರ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 4 ಡಾಲರ್ ದಾಟಿತು, ಹಿಂದೆಂದೂ ದಾಟಿರಲಿಲ್ಲ. ಲಂಡನ್ನಿನ ಮಾರುಕಟ್ಟೆಯಲ್ಲಿ ಇನ್ನೊಂದು ಜಾತಿಯ ಕಾಫಿ ರೋಬಸ್ಟಾ ಟನ್ನಿಗೆ 5,000 ಡಾಲರ್ ಮೀರಿತ್ತು. ಆಗಸ್ಟ್‌ನಲ್ಲಿ ಇನ್ನೊಂದು ಹೊಡೆತ. ಬ್ರೆಜಿಲಿನ ಮಾಜಿ ಅಧ್ಯಕ್ಷರ ಮೇಲೆ ಅಲ್ಲಿಯ ಕೋರ್ಟಿನಲ್ಲಿ ಕೇಸು, ಅದಕ್ಕೆ ಅಮೆರಿಕದ ಹಾಲಿ ಅಧ್ಯಕ್ಷರಿಗೆ ಸಿಟ್ಟು, ಆ ಸಿಟ್ಟಿಗೆ ಬ್ರೆಜಿಲ್ ಸರಕಿನ ಮೇಲೆ ಶೇ 50 ಸುಂಕ, ಆ ಸುಂಕಕ್ಕೆ ಕಾಫಿ ಮಾರುಕಟ್ಟೆ ಮತ್ತೆ ಜಿಗಿತ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿ ಬೆಳಿಗ್ಗೆ ಆರೂವರೆಗೆ ಲುಂಗಿಯುಟ್ಟು ಕಾಫಿಗೆ ನಿಂತವನು ಬ್ರೆಜಿಲಿನ ಕೋರ್ಟಿನ ವಾಯಿದೆ ವಿಚಾರಿಸಬೇಕಾಯಿತು.

"2025ರ ಮಧ್ಯದಲ್ಲಿ ಲಂಡನ್ನಲ್ಲಿ ರೋಬಸ್ಟಾ ಬಿದ್ದಿತ್ತಲ್ಲ, ಆಗ ಇಳಿಸಿದ್ರಾ?" ಎಂದೆ.

"ಹಳೇ ಸ್ಟಾಕ್ ಇತ್ತು ಸಾರ್."

"ಸೆಪ್ಟೆಂಬರಲ್ಲಿ ಜಿಎಸ್‌ಟಿ 18ರಿಂದ 5ಕ್ಕೆ ಬಂತಲ್ಲ?"

"ಅದು ಇನ್‌ಸ್ಟಂಟ್ ಕಾಫೀದು. ನಮ್ದು ಫಿಲ್ಟರ್."

ಅವರ ಅಂಗಡಿಯಲ್ಲಿ ಏರುವುದು ಇನ್‌ಸ್ಟಂಟ್, ಇಳಿಯುವುದು ಫಿಲ್ಟರ್. ಹನಿ ಹನಿಯಾಗಿ, ಕೆಳಗೆ ಲೋಟ ಹಿಡಿದು ಕಾಯಬೇಕು.

ಹಾಲಿನದು ಬೇರೆಯೇ ಪವಾಡ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಎಂಎಲ್ ಹಾಲು ಹೆಚ್ಚು ತುಂಬಿ, 2 ರೂಪಾಯಿ ಹೆಚ್ಚು ಪಡೆದರು. ಇದು ದರ ಏರಿಕೆ ಅಲ್ಲ, ಹಾಲೂ ಹೆಚ್ಚು ಕೊಡುತ್ತಿದ್ದೇವಲ್ಲ ಎಂದಿತು ಸರ್ಕಾರ. ಕೇಳಿದವರು ಯಾರು ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ 50 ಎಂಎಲ್ ಏನು ಮಾಡುವುದೆಂದು ತಿಳಿಯದೆ ಬೆಕ್ಕು ಸಾಕಿದೆವು. 2025ರ ಏಪ್ರಿಲ್ 1ಕ್ಕೆ ಲೀಟರಿಗೆ 4 ರೂಪಾಯಿ ಏರಿಸಿ, ಆ 50 ಎಂಎಲ್ ವಾಪಸ್ ತೆಗೆದುಕೊಂಡರು. ತಾರೀಖು ನೋಡಿ ನಾನು ತಮಾಷೆ ಎಂದುಕೊಂಡೆ. ಕಡೆಗೆ ಉಳಿದದ್ದು ಬೆಕ್ಕು.

ಪುಡಿಯ ಕಥೆ ಪೊಟ್ಟಣದ ಹಿಂಬದಿಯಲ್ಲಿ, ಇರುವೆ ಓದುವಂಥ ಅಕ್ಷರದಲ್ಲಿದೆ: ಕಾಫಿ 51, ಚಿಕೋರಿ 49. ಚಿಕೋರಿ ಅಂದರೆ ಹುರಿದ ಬೇರಿನ ಪುಡಿ, ಕಾನೂನು ಅದನ್ನು ಅಷ್ಟರವರೆಗೆ ಬೆರೆಸಲು ಬಿಡುತ್ತದೆ. ಅಂದರೆ ಕಾಫಿ ಈಗ ಸರಳ ಬಹುಮತದಲ್ಲಿ ಸರ್ಕಾರ ನಡೆಸುತ್ತಿದೆ. ಮೂರು ಪರ್ಸೆಂಟ್ ಕಾಫಿ ರಾಜೀನಾಮೆ ಕೊಟ್ಟು ರೆಸಾರ್ಟಿಗೆ ಹೋದರೆ ಲೋಟದಲ್ಲಿ ಚಿಕೋರಿ ಸರ್ಕಾರ. ರೆಸಾರ್ಟೂ ಬೇರೆಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟದೊಳಗೇ.

ಇಷ್ಟೆಲ್ಲ ಏರಿದ ಮೇಲೆ ಬೆಳೆದವರಾದರೂ ಸುಖವಾಗಿರಬೇಕಲ್ಲ ಎಂದುಕೊಂಡು ಮೂಡಿಗೆರೆ ಕಡೆಯ ಭಾವನಿಗೆ ಫೋನ್ ಹಚ್ಚಿದೆ. ರೇಟು ಆಕಾಶಕ್ಕೇರಿದಾಗ ಅವರ ಗೋಡೌನಿನಲ್ಲಿದ್ದದ್ದು ಖಾಲಿ ಗೋಣಿಚೀಲ. ಕೊಯ್ಲಿನ ಕೂಲಿ, ಗೊಬ್ಬರದ ಬಾಕಿ ಅಂತ ಕಣದಿಂದಲೇ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರಿ ಮುಗಿಸಿದ್ದರು. ಮರುವರ್ಷ ಹಿಡಿದಿಟ್ಟರು, ಆಗ ರೇಟು ಇಳಿಯಿತು. "ನಾನು ಮಾರಿದ್ನಾ ಅಂತ ಲಂಡನ್ನಿನವರು ಕೇಳ್ಕೊಂಡೇ ಏರಿಸ್ತಾರೆ ಮಾರಾಯ" ಎಂದರು. ಬೆಲೆ ಬಂದ ಮೇಲೆ ಕಳ್ಳರೂ ಬಂದಿದ್ದಾರೆ. ಗಿಡದಲ್ಲಿರುವ ಹಣ್ಣನ್ನೇ ರಾತ್ರೋರಾತ್ರಿ ಸವರಿಕೊಂಡು ಹೋಗುತ್ತಾರೆ. ಮೊದಲು ಆನೆಗೆ ಹೆದರಿ ಟಾರ್ಚ್ ಬಿಡುತ್ತಿದ್ದ ಭಾವ ಈಗ ಮನುಷ್ಯರಿಗೆ ಹೆದರಿ ಕಣಕ್ಕೆ ಸಿಸಿಟಿವಿ ಹಾಕಿಸಿದ್ದಾರೆ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದರೆಂಬುದು ನಮ್ಮ ಕಾಫಿಯ ಮೂಲಕಥೆ. ಇವತ್ತಾಗಿದ್ದರೆ ಕ್ಯಾಮೆರಾದಲ್ಲಿ ಸಿಕ್ಕಿಬೀಳುತ್ತಿದ್ದರು.

"ಇರಲಿ, ಒಳ್ಳೇ ಕಾಫಿಯಾದ್ರೂ ಕುಡೀತೀರಲ್ಲ" ಎಂದೆ. ಒಳ್ಳೆಯದು ಸಿಪ್ಪೆ ಬಿಡಿಸುವ ಕ್ಯೂರಿಂಗಿಗೆ ಹೋಗಿ, ಹಡಗು ಹತ್ತಿ ಇಟಲಿಗೆ ಹೋಗುತ್ತದಂತೆ. ಮನೆಯಲ್ಲಿ ಈಗ ಟೀ.

ಟೀಯವರು ಸುಖದಲ್ಲಿದ್ದಾರೆಂದಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸ್ ಬಂದಾಗ, ಸಣ್ಣ ಅಂಗಡಿಯವರು ಹಾಲು ನಿಲ್ಲಿಸಿ ಬರೀ ಕರಿ ಟೀ ಮಾರಿ ಪ್ರತಿಭಟಿಸಿದ್ದರು. ಹಾಲಿಲ್ಲದ ಲೋಟ ಹಿಡಿದು ನಿಂತಿದ್ದ ಗಿರಾಕಿಗಳಲ್ಲಿ ನಾನೂ ಒಬ್ಬ. ಪ್ರತಿಭಟನೆ ಅವರದು, ಹೊಟ್ಟೆಯುರಿ ನಮ್ಮದು.

ಎಲ್ಲ ಬೈದುಕೊಂಡೂ ನಾಳೆ ಆರೂವರೆಗೆ ನಾನು ಅದೇ ಕ್ಯೂನಲ್ಲಿರುತ್ತೇನೆ. ಇದು ಗಲ್ಲಾದವರಿಗೂ ಗೊತ್ತು, ಬಹುಶಃ ಲಂಡನ್ನಿನವರಿಗೂ ಗೊತ್ತು. ಲೋಟ ಇಟ್ಟು ಹೊರಡುವಾಗ ನಾನೇ ಎಬ್ಬಿಸಿದ ಸ್ಟಿಕ್ಕರ್ ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ತಪ್ಪಿತಸ್ಥನಂತೆ ಹೆಬ್ಬೆರಳಿನಲ್ಲಿ ಒತ್ತಿ ಕೂರಿಸಹೋದೆ.

"ಗಟ್ಟಿಯಾಗಿ ಒತ್ತಬೇಡಿ ಸಾರ್" ಎಂದರು ಗಲ್ಲಾದವರು. "ಒಂದನೇ ತಾರೀಖು ಮತ್ತೆ ಕೀಳ್ಬೇಕಲ್ಲ."