ವಿದೇಶಕ್ಕೆ ಹೋದರೆ ಊರಿನ ಜಮೀನು ಕೈಬಿಡುತ್ತದೆಯೇ? ಸತ್ಯಾಂಶ

'ಎನ್‌ಆರ್‌ಐ ಆದರೆ ಕೃಷಿ ಜಮೀನು ಮಾರಲೇಬೇಕು, ಬ್ಯಾಂಕ್ ಖಾತೆ, ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಎಲ್ಲಾ ಮುಚ್ಚಬೇಕು' ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮೆಸೇಜ್ ನಂಬಿಕೊಂಡು ಅವಸರದಲ್ಲಿ ಅಪ್ಪನ ಕಾಲದ ಜಮೀನು ದಯವಿಟ್ಟು ಮಾರಬೇಡಿ.

ಆ ಮೆಸೇಜ್ ತಪ್ಪು. ಫೆಮಾ (ವಿದೇಶಿ ವಿನಿಮಯ) ಕಾಯ್ದೆ, 1999ರ ಪ್ರಕಾರ ನೀವು ಇಲ್ಲಿ ವಾಸವಿದ್ದಾಗ ಕೊಂಡ ಜಮೀನನ್ನೂ, ಇಲ್ಲೇ ಇದ್ದ ಅಪ್ಪ ಅಮ್ಮನಿಂದ ಪಿತ್ರಾರ್ಜಿತವಾಗಿ ಬಂದ ಜಮೀನನ್ನೂ ಇಟ್ಟುಕೊಳ್ಳಬಹುದು. ಗೊಂದಲ ಹುಟ್ಟಿದ್ದು ಬೇರೆ ನಿಯಮದಿಂದ. ಎನ್‌ಆರ್‌ಐ ಆದ ಮೇಲೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಹೊಸದಾಗಿ ಕೊಳ್ಳುವಂತಿಲ್ಲ. ಸೈಟು, ಫ್ಲ್ಯಾಟ್ ಕೊಳ್ಳಬಹುದು. ಮುಂದೆ ಜಮೀನು ಮಾರುವುದಾದರೆ ಭಾರತದಲ್ಲೇ ವಾಸವಿರುವವರಿಗೇ ಮಾರಬೇಕು, ಅಷ್ಟೆ.

ಪಿಪಿಎಫ್ ಕೂಡ 15 ವರ್ಷ ಮುಗಿಯುವವರೆಗೆ ನಡೆಯುತ್ತದೆ. ಅವಧಿ ವಿಸ್ತರಣೆ ಮಾತ್ರ ಇಲ್ಲ.

ಉಳಿತಾಯ ಖಾತೆ ಮುಚ್ಚಬೇಕಿಲ್ಲ, ಆದರೆ ಹಾಗೇ ಬಿಡುವಂತೆಯೂ ಇಲ್ಲ. ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಒ ಖಾತೆಯಾಗಿ (ಎನ್‌ಆರ್‌ಐಗಳು ಭಾರತದ ಆದಾಯ ಇಡುವ ಖಾತೆ) ಬದಲಿಸಿಕೊಳ್ಳಬೇಕು. ಮನೆ ಬಾಡಿಗೆ ಅದಕ್ಕೇ ಬರುತ್ತದೆ. ಬಡ್ಡಿಯ ಮೇಲೆ ಟಿಡಿಎಸ್ (ಬ್ಯಾಂಕೇ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಜಾಸ್ತಿ, 30% ಮತ್ತು ಸೆಸ್, ಹಾಗಾಗಿ ಹೆಚ್ಚಾಗಿ ಕಡಿತವಾಗಿದ್ದರೆ ವಾಪಸ್ ಪಡೆಯಲು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವುದನ್ನು ಮರೆಯಬೇಡಿ.

ನನ್ನ ಪ್ರಕಾರ ಹೊರಡುವ ಮೊದಲು ಮಾಡಲೇಬೇಕಾದ ಕೆಲಸ ಇನ್ನೊಂದಿದೆ. ಊರಲ್ಲಿ ಕಚೇರಿ ಕೆಲಸಕ್ಕೆ ಓಡಾಡುವವರು ತಮ್ಮನೋ ಅಕ್ಕನೋ ಆಗಿದ್ದರೆ, ಅವರ ಹೆಸರಿಗೆ ಯಾವ್ಯಾವ ಕೆಲಸಕ್ಕೆ ಅಂತ ಸ್ಪಷ್ಟವಾಗಿ ಬರೆದ ಪವರ್ ಆಫ್ ಅಟಾರ್ನಿಯನ್ನು (ನಿಮ್ಮ ಪರವಾಗಿ ಕೆಲಸ ಮಾಡಲು ಕೊಡುವ ಅಧಿಕಾರ ಪತ್ರ) ಇಲ್ಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಡಿ.