ರಜೆ ಉಂಟಾ?

ಮೊದಲು ತಪ್ಪು ಒಪ್ಪಿಕೊಂಡು ಬಿಡುತ್ತೇನೆ. ಕಳೆದ ಜುಲೈಯ ಒಂದು ಮಂಗಳವಾರ ಇಬ್ಬರು ಮಕ್ಕಳಿಗೆ ಶಾಲೆ ತಪ್ಪಿಸಿದ್ದು ನಾನೇ. ಒಬ್ಬಳು ನನ್ನ ಮಗಳು, ಇನ್ನೊಬ್ಬ ಗೆಳೆಯನ ಮಗ. ಮಗಳಿಗೆ ಅವತ್ತು ಗಣಿತದ ಟೆಸ್ಟ್ ಬೇರೆ ಇತ್ತು. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ ಬಿಡಿ.

ಆದದ್ದು ಇಷ್ಟು. ಸೋಮವಾರ ರಾತ್ರಿ ಹತ್ತೂವರೆ. ಮೂರು ದಿನದಿಂದ ಬಿಡದ ಮಳೆ. ಕರೆಂಟ್ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಹೋಗಿಯೇ ಬಿಟ್ಟಿತ್ತು. ಫೋನಿನಲ್ಲಿ ಹದಿನಾಲ್ಕು ಪರ್ಸೆಂಟ್ ಚಾರ್ಜ್. ಆಗ ಒಂದು ಫೋಟೋ ಬಂತು. ಜಿಲ್ಲಾಧಿಕಾರಿಗಳ ಆದೇಶ. ಮೇಲೆ ಸರ್ಕಾರದ ಲಾಂಛನ, ಕೆಳಗೆ ಸಹಿ, ಸೀಲು. ನಡುವೆ ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ರಜೆ ಎಂಬ ಸಾಲು. ಕರಾವಳಿಯ ತಾಯಂದಿರಿಗೆ ಈ ಸಾಲು ಬಾಯಿಪಾಠ. ನಾನು ಎರಡನೇ ಸಲ ನೋಡಲಿಲ್ಲ. ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗ್ರೂಪಿಗೆ ದಾಟಿಸಿ, ಅಲಾರಂ ಆಫ್ ಮಾಡಿ ಮಲಗಿದೆ.

ಬೆಳಿಗ್ಗೆ ಒಂಬತ್ತೂಕಾಲಿಗೆ ಕ್ಲಾಸ್ ಟೀಚರ್ ಫೋನ್. "ಮೇಡಂ, ಮಗು ಬರ್ಲಿಲ್ಲ ಅಲ್ವಾ, ಹುಷಾರಿಲ್ವಾ?"

ಅದು ಅದರ ಹಿಂದಿನ ವರ್ಷದ ಆದೇಶವಂತೆ. ಯಾರೋ ತಾರೀಕು ತಿದ್ದಿದ್ದರು. ವಾರ ತಿದ್ದಲು ಮರೆತಿದ್ದರು. ಕಾಗದದಲ್ಲಿ ದಪ್ಪ ಅಕ್ಷರದಲ್ಲೇ 'ಗುರುವಾರ' ಅಂತ ಇತ್ತು. ನಮ್ಮ ಗ್ರೂಪಿನ ಉಡುಪಿಯವಳು ಹೈಸ್ಕೂಲ್ ಟೀಚರ್. ಅವಳ ಜಿಲ್ಲೆಯೇ ಬೇರೆ, ಆದರೂ ಬೆಳಿಗ್ಗೆ ಆರಕ್ಕೇ ಆ ಗುರುವಾರಕ್ಕೆ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದ್ದಳು. ಕೆಳಗೆ, "ಐದರಲ್ಲಿ ಎರಡು ಮಾರ್ಕ್, ಅಕ್ಷರ ಚೆನ್ನಾಗಿರುವುದಕ್ಕೆ." ನಾನು ಆಗ ಗೊರಕೆ ಹೊಡೆಯುತ್ತಿದ್ದೆ.

ನಮ್ಮ ಕಡೆ ಈ ರಜೆಯ ಕಥೆ ಹೊರಗಿನವರಿಗೆ ಅರ್ಥ ಆಗುವುದು ಕಷ್ಟ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟುವಂಥ ಮಳೆ ಇದ್ದರೆ ರೆಡ್ ಅಲರ್ಟ್, 115.6ರಿಂದ ಅಲ್ಲಿಯವರೆಗೆ ಆರೆಂಜ್. ಬಣ್ಣ ಸಂಜೆಯೇ ಗೊತ್ತಾಗುತ್ತದೆ. ರಜೆ ಗೊತ್ತಾಗುವುದಿಲ್ಲ. ಆದೇಶ ರಾತ್ರಿ ಬರಬಹುದು, ಬೆಳಿಗ್ಗೆ ಆರು ಗಂಟೆಗೂ ಬರಬಹುದು. ನಡುವೆ ನಾವು ದೋಸೆಹಿಟ್ಟು ರುಬ್ಬಬೇಕಾ, ಒದ್ದೆ ಯೂನಿಫಾರ್ಮನ್ನು ಫ್ಯಾನಿನ ಕೆಳಗೆ ಹರಡಬೇಕಾ ಎಂದು ಫೋನ್ ನೋಡುತ್ತಾ ಕೂತಿರುತ್ತೇವೆ. ಸುಳ್ಳು ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಎಲ್ಲಿ ಸಿಗಬೇಕು?

ಆದರೆ ನಾನು ಬರೆಯಲು ಕೂತದ್ದು ಆ ಕಾಗದದ ಬಗ್ಗೆ ಅಲ್ಲ, ಆಮೇಲೆ ಗ್ರೂಪಿನಲ್ಲಿ ಆದದ್ದರ ಬಗ್ಗೆ.

ನಾವು ಹನ್ನೊಂದು ಜನ. ಡಿಗ್ರಿಯಲ್ಲಿ ಒಟ್ಟಿಗೆ ಇದ್ದವರು. ಮಂಗಳೂರಿನ ಹಂಪನಕಟ್ಟೆಯಲ್ಲಿ ಐಸ್‌ಕ್ರೀಮ್ ತಿನ್ನಲು ದುಡ್ಡು ಒಟ್ಟು ಮಾಡುತ್ತಿದ್ದವರು. ಈಗ ಒಬ್ಬ ಸುರತ್ಕಲ್, ಒಬ್ಬಳು ಕುಂದಾಪುರ, ಒಬ್ಬ ಬ್ಯಾಂಕ್, ಒಬ್ಬ ದುಬೈ, ಹೀಗೆ. ಮನೆಯ ಮಾತು ಎಲ್ಲರದ್ದೂ ಬೇರೆ ಬೇರೆ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ. ಗ್ರೂಪಿನಲ್ಲಿ ಎಲ್ಲವೂ ಕನ್ನಡ ಅಕ್ಷರದಲ್ಲೇ ಬರುತ್ತವೆ. ತುಳು ಲಿಪಿ 2024ರಲ್ಲಿ ಯೂನಿಕೋಡ್‌ಗೆ ಸೇರಿತು ಅಂತ ಸುರತ್ಕಲ್‌ನವ ಖುಷಿಯಿಂದ ಹಾಕಿದ್ದ. "ಹಾಗಾದರೆ ನಾಳೆಯಿಂದ ಅದರಲ್ಲೇ ಬರಿ ಮಾರಾಯ" ಅಂದೆವು. ಅವನಿಗೆ ಓದಲು ಬರುವುದಿಲ್ಲ. ನಮಗೂ ಬರುವುದಿಲ್ಲ.

ರಜೆ ಕಾಗದದ ಗಲಾಟೆ ಆದ ದಿನ ಅಡ್ಮಿನ್ ಸಿಟ್ಟಾದ. ಯಾಕೆಂದರೆ ಮನೆಯಲ್ಲಿ ಕೂತ ಆ ಇನ್ನೊಬ್ಬ ಮಗ ಅವನದ್ದೇ. ಸಂಜೆ ಹೊಸ ನಿಯಮ ಬಂತು. "ಇನ್ನು ಮುಂದೆ ಸುದ್ದಿ ಬೇಡ. ರಾಜಕೀಯ ಬೇಡ. ಬರೀ ನಮ್ಮ ನಮ್ಮ ವಿಷಯ ಮಾತಾಡುವ." ನನಗೆ ಬಾಯಿ ತೆರೆಯುವ ಮುಖ ಇರಲಿಲ್ಲ. ಸುಮ್ನೆ ಹೆಬ್ಬೆಟ್ಟು ಒತ್ತಿದೆ.

ಮುಂದಿನ ಮೂರು ವಾರ ಗ್ರೂಪಿನಲ್ಲಿ ಏನಿತ್ತು ಗೊತ್ತುಂಟಾ? ಗುಲಾಬಿ ಹೂವು. ಶುಭೋದಯ. ಎರಡು ಹುಟ್ಟುಹಬ್ಬ. ಒಂದು ಬನ್ಸಿನ ಫೋಟೋ, ಅದೂ ಹಳತು. ಹನ್ನೊಂದು ಜನ ಇಪ್ಪತ್ತು ವರ್ಷದಿಂದ ಮಾತಾಡುತ್ತಿದ್ದವರು ದಿಢೀರನೆ ಮದುವೆ ಹಾಲಿನಲ್ಲಿ ಎದುರು ಸಿಕ್ಕ ದೂರದ ನೆಂಟರ ಹಾಗೆ ಆಗಿಬಿಟ್ಟೆವು. ಊಟ ಆಯ್ತಾ, ಆಯ್ತು.

ನಾಲ್ಕನೇ ವಾರ ಕುಂದಾಪುರದವಳು ತಡೆಯಲಾರದೆ ಕೇಳಿದಳು. "ಹ್ವಾಯ್, ಬಂಗುಡೆಗೆ ರೇಟ್ ಎಷ್ಟು ಆಯ್ತು ಕಂಡ್ರ್ಯಾ? ಇದು ಸುದ್ದಿಯಾ, ನಮ್ಮ ವಿಷಯವಾ?"

ಅಡ್ಮಿನ್ ಉತ್ತರ ಕೊಡಲಿಲ್ಲ. ಎಲ್ಲಿಂದ ಕೊಡುತ್ತಾನೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ ಅಂತ ಸರ್ಕಾರದ ನಿಷೇಧ. ಅದು ಸುದ್ದಿ. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಬೂತಾಯಿ ಲೆಕ್ಕ ಮಾಡಿ ಬಡಿಸುತ್ತೇವೆ, ಅತ್ತೆಯವರು ಒಣಮೀನಿನ ಡಬ್ಬ ಹೊರಗೆ ತೆಗೆಯುತ್ತಾರೆ. ಅದು ನಮ್ಮ ವಿಷಯ. ಎರಡರ ನಡುವೆ ಗೆರೆ ಎಲ್ಲಿ ಎಳೆಯುವುದು?

ಬ್ಯಾಂಕಿನವನನ್ನೇ ತಗೊಳ್ಳಿ. ಅವನು ವಿಜಯಾ ಬ್ಯಾಂಕಿಗೆ ಸೇರಿದವನು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು. 2019ರ ಏಪ್ರಿಲ್ 1ಕ್ಕೆ ಅದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತು. ಮುಂದಿನ ವರ್ಷ ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು, ಸಿಂಡಿಕೇಟ್ ಕೆನರಾಕ್ಕೆ. ಟಿವಿಯಲ್ಲಿ ಅದು ಬರೀ ವಿಲೀನ. ನಮ್ಮ ಊರಲ್ಲಿ ಹಾಗಲ್ಲ. ಇಲ್ಲಿ ಅಜ್ಜನ ಕಾಲದಿಂದ ಪಿಗ್ಮಿ ಕಟ್ಟಿದವರು ಇದ್ದಾರೆ. ದಿನಾ ಮನೆ ಬಾಗಿಲಿಗೆ ಬಂದು ಚಿಲ್ಲರೆ ಒಟ್ಟು ಮಾಡುವ ಆ ಪಿಗ್ಮಿಯನ್ನು ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಶುರು ಮಾಡಿತ್ತು. ನಮ್ಮಮ್ಮನಿಗೆ ಇವತ್ತಿಗೂ ಅದು ಸಿಂಡಿಕೇಟೇ. ಬೋರ್ಡ್ ಬದಲಾದದ್ದನ್ನು ಅವರು ಒಪ್ಪಿಕೊಂಡೇ ಇಲ್ಲ. ಬ್ಯಾಂಕಿನವ 2019ರ ಮಾರ್ಚ್ ತಿಂಗಳ ಕೊನೆಯ ದಿನ ಗ್ರೂಪಿಗೆ ಒಂದು ಫೋಟೋ ಹಾಕಿದ್ದ. ಅವನ ಮೇಜು, ಅದರ ಮೇಲೆ ಹಳೆಯ ರಬ್ಬರ್ ಸ್ಟಾಂಪುಗಳು ಸಾಲಾಗಿ. "ನಾಳೆಯಿಂದ ಇವಕ್ಕೆ ಕೆಲಸ ಇಲ್ಲ" ಅಂತ ಒಂದೇ ಸಾಲು. ನಾವು ರಾತ್ರಿ ಒಂದರವರೆಗೆ ಮಾತಾಡಿದೆವು. ಜಗಳವೂ ಆಯಿತು. ವಿಲೀನ ಸರಿ ಅಂದವರಿದ್ದರು, ನಮ್ಮ ಜಿಲ್ಲೆಯನ್ನೇ ನುಂಗಿದರು ಅಂದವರೂ ಇದ್ದರು. ಹೊಸ ನಿಯಮದ ಪ್ರಕಾರ ಆ ರಾತ್ರಿ ಇರಲೇಬಾರದಿತ್ತು.

ಸುರತ್ಕಲ್‌ನವನ ವಿಷಯವೂ ಹಾಗೇ. ವರ್ಷಗಟ್ಟಲೆ ಅವನ ದಿನದ ಮೊದಲ ಮೆಸೇಜ್ ಟೋಲ್‌ಗೇಟ್ ಬಗ್ಗೆ ಇರುತ್ತಿತ್ತು. 2022ರ ಡಿಸೆಂಬರ್ 1ಕ್ಕೆ ಸುರತ್ಕಲ್ ಟೋಲ್ ನಿಂತಿತು. ಅವತ್ತು ಅವನಿಗೆ ಏನು ಹಾಕಬೇಕೆಂದು ಗೊತ್ತಾಗದೆ ಖಾಲಿ ರಸ್ತೆಯ ಫೋಟೋ ಹಾಕಿದ. ಪಂಪ್‌ವೆಲ್ ಫ್ಲೈಓವರ್ ಬಗ್ಗೆ ನಾನು ಹೇಳುವುದಿಲ್ಲ. ಅದರ ಮೇಲೆ ವಾಹನ ಓಡಿದ್ದು 2020ರ ಜನವರಿ 31ಕ್ಕೆ. ಅದಕ್ಕೂ ಮೊದಲು ನಾವು ಮಾಡಿದ ತಮಾಷೆಗಳನ್ನೇ ಒಂದರ ಮೇಲೊಂದು ಇಟ್ಟಿದ್ದರೆ ಅದು ಎಂದೋ ಮುಗಿಯುತ್ತಿತ್ತು.

ಇನ್ನೊಂದು ನೆನಪು. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಕರ್ಫ್ಯೂ ಬಿತ್ತು. ಮೊಬೈಲ್ ಇಂಟರ್ನೆಟ್ ನಿಲ್ಲಿಸಿದರು. ಹೊರಗೆ ಏನಾಗುತ್ತಿದೆ ಅಂತ ತಿಳಿಯಲು ಟಿವಿ ಬಿಟ್ಟರೆ ದಾರಿ ಇರಲಿಲ್ಲ. ಆಗ ಏನಾಯಿತು? ಗೆಳೆಯರೆಲ್ಲ ಫೋನ್ ಮಾಡಿದರು. ನಿಜವಾದ ಫೋನ್, ಕಿವಿಗೆ ಹಿಡಿದು ಮಾತಾಡುವ ಫೋನ್. "ನಿಮ್ಮ ರಸ್ತೆಯಲ್ಲಿ ಹೇಗುಂಟು? ಹಾಲು ಬಂತಾ? ಮಕ್ಕಳು ಒಳಗೆ ಇದ್ದಾರಾ?" ಬಂದರಿನ ಹತ್ತಿರ ಮನೆ ಇರುವವನೊಬ್ಬ ತಾನು ಕಿಟಕಿಯಿಂದ ಕಂಡದ್ದು ಮಾತ್ರ ಹೇಳಿದ, ಕೇಳಿದ್ದನ್ನು ಹೇಳಲಿಲ್ಲ. "ಅದು ನಾನು ನೋಡ್ಲಿಲ್ಲ" ಅಂತ ಎರಡು ಸಲ ಅಂದ. ಆ ಮಾತು ನನಗೆ ಈಗಲೂ ಕಿವಿಯಲ್ಲಿ ಉಂಟು. ನೆಟ್ ವಾಪಸ್ ಬಂದ ಕೂಡಲೇ ಫೋನು ಟಿಣ್ ಟಿಣ್ ಅಂತ ಕುಣಿಯಿತು. ಎಲ್ಲ ಗ್ರೂಪುಗಳಿಂದ ನೂರಾರು ವಿಡಿಯೋ. ಯಾರು ತೆಗೆದದ್ದು, ಎಲ್ಲಿಯದ್ದು, ಯಾವಾಗಿನದ್ದು, ಒಂದಕ್ಕೂ ಊರು ಇಲ್ಲ, ಹೆಸರು ಇಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಸುದ್ದಿಯ ಮೇಲೆ ಅಲ್ಲ. ಹೇಳುವವರೇ ಇಲ್ಲದ ಸುದ್ದಿಯ ಮೇಲೆ.

ಗೆಳೆಯರು ಸುದ್ದಿ ಮಾತಾಡುವುದು ಈ ಊರಿಗೆ ಹೊಸತಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹುಟ್ಟಿದ್ದು ಇಲ್ಲೇ, 1843ರ ಜುಲೈ 1ಕ್ಕೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ತೆಗೆದದ್ದು, ಹದಿನೈದು ದಿನಕ್ಕೊಮ್ಮೆ. ಹದಿನೈದು ದಿನ! ನಮ್ಮ ಗ್ರೂಪಿನಲ್ಲಿ ಹದಿನೈದು ನಿಮಿಷ ತಡವಾದರೆ "ಗೊತ್ತುಂಟು ಮಾರಾಯ್ತಿ, ಹಳತು" ಅನ್ನುತ್ತಾರೆ. ಈಗ ನಮ್ಮ ರಿಕ್ಷಾ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಪೇಪರ್ ಓದುವವರನ್ನು ನೋಡಿ. ಬೇಸಿಗೆಯಲ್ಲಿ ಒಬ್ಬ ಓದುತ್ತಾನೆ, ತುಂಬೆ ಡ್ಯಾಮಿನಲ್ಲಿ ನೀರು ಇಷ್ಟು ಮೀಟರ್ ಉಂಟು ಅಂತ. ಓದಿ ಅಲ್ಲಿಗೇ ಬಿಡುವುದಿಲ್ಲ. "ಇನ್ನು ಎರಡು ವಾರ ಬರಬಹುದು, ನಮ್ಮ ಮನೆಗೆ ಈಗಲೇ ದಿನ ಬಿಟ್ಟು ದಿನ" ಅಂತ ಸೇರಿಸುತ್ತಾನೆ. ಇನ್ನೊಬ್ಬ "ನಿನ್ನದು ಎತ್ತರ, ಅದಕ್ಕೆ" ಅನ್ನುತ್ತಾನೆ. ಪೇಪರಿನ ಸಾಲಿಗೆ ಅವನ ಮನೆಯ ಬಾವಿ, ಇವನ ಟ್ಯಾಂಕಿ ಎಲ್ಲ ಅಂಟಿಕೊಳ್ಳುತ್ತವೆ. ತಪ್ಪು ಹೇಳಿದರೆ ನಾಳೆ ಅದೇ ಸ್ಟ್ಯಾಂಡಿನಲ್ಲಿ ಮುಖ ತೋರಿಸಬೇಕು.

ಫಾರ್ವರ್ಡ್‌ನಲ್ಲಿ ಈ ಮುಖವೇ ಇಲ್ಲ. ನಾನು ರಜೆ ಕಾಗದ ದಾಟಿಸುವಾಗ ಒಂದು ಅಕ್ಷರ ಬರೆಯಲಿಲ್ಲ. ಒಂದು ಸಾಲು ಬರೆಯಬೇಕಾಗಿದ್ದರೆ, "ನನಗೆ ಇಂಥವರು ಕಳಿಸಿದರು, ನಾಳೆ ರಜೆಯಂತೆ" ಅಂತ ಟೈಪ್ ಮಾಡಬೇಕಾಗಿದ್ದರೆ, ನಾಳೆ ಯಾವ ವಾರ ಅಂತ ಬಹುಶಃ ಕಣ್ಣಿಗೆ ಬೀಳುತ್ತಿತ್ತು. ವಾಟ್ಸಾಪ್‌ನವರು 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಾಡಿದರು. 2020ರಲ್ಲಿ ತುಂಬಾ ಸಲ ದಾಟಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಅಂತ ಮಾಡಿದರು. ಒಳ್ಳೆಯದೇ. ಆದರೆ ನನಗೆ ಆ ರಾತ್ರಿ ಒಂದೇ ಗ್ರೂಪ್ ಸಾಕಾಗಿತ್ತು.

ಅದಕ್ಕೆ ನಾನು ಗ್ರೂಪಿನಲ್ಲಿ ಹೇಳಿದೆ. ಸುದ್ದಿ ಬರಲಿ, ರಾಜಕೀಯವೂ ಬರಲಿ. ಆದರೆ ಏನೇ ಹಾಕಿದರೂ ನಿಮ್ಮದೇ ಒಂದು ಸಾಲು ಅದರೊಟ್ಟಿಗೆ ಇರಬೇಕು. ಯಾಕೆ ಹಾಕಿದಿರಿ, ನಿಮಗೆ ಏನು ಅನ್ನಿಸಿತು. ಅಷ್ಟೂ ಬರೆಯಲು ಉದಾಸೀನ ಆದರೆ ಹಾಕಬೇಡಿ. ತಪ್ಪು ಮಾಡಿದವಳೇ ನಿಯಮ ಮಾಡುವುದಾ ಅಂತ ಅಡ್ಮಿನ್ ಕೇಳಿದ. ಕಳ್ಳನನ್ನೇ ಕಾವಲಿಗೆ ಇಟ್ಟರೆ ಒಳ್ಳೆಯದು ಅಂದೆ. ಎಂಟು ಜನ ಒಪ್ಪಿದರು.

ಒಪ್ಪದಿದ್ದವ ದುಬೈಯವ.

ಅವನದ್ದು ಬೇರೆ ಕಥೆ. ಗ್ರೂಪಿನಲ್ಲಿ ಜಾಸ್ತಿ ಫಾರ್ವರ್ಡ್ ಮಾಡುವವನು ಅವನೇ. ನೇತ್ರಾವತಿ ಸೇತುವೆಯಲ್ಲಿ ಜಾಮ್ ಅಂತ ನಮಗೆ ದುಬೈಯಿಂದ ಸುದ್ದಿ ಬರುತ್ತದೆ. ಶಿರಾಡಿಯಲ್ಲಿ ಗುಡ್ಡ ಜರಿದದ್ದು, ಪಣಂಬೂರಿನಲ್ಲಿ ಅಲೆ ಎದ್ದದ್ದು, ಎಲ್ಲ ಅವನಿಗೆ ನಮಗಿಂತ ಮೊದಲು. ನಾವು ತಮಾಷೆ ಮಾಡುತ್ತಿದ್ದೆವು. ಅವನು ನನಗೆ ಬೇರೆಯಾಗಿ ಮೆಸೇಜ್ ಹಾಕಿದ. "ನೀವೆಲ್ಲ ಅಲ್ಲಿಯೇ ಇದ್ದೀರಿ. ನನ್ನ ಹತ್ತಿರ ಹೇಳಲು ಎಂತ ಉಂಟು? ಆಫೀಸು, ಎಸಿ ರೂಮು, ಪುನಃ ಆಫೀಸು. ಇದನ್ನೂ ಹಾಕದಿದ್ದರೆ ನಾನು ಗ್ರೂಪಿನಲ್ಲಿ ಇದ್ದೇನೆ ಅಂತ ನಿಮಗೆ ಗೊತ್ತಾಗುವುದಾದರೂ ಹೇಗೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ದಿನ ಇಡೀ ಸುಮ್ಮನಿದ್ದೆ. ಹೂವಿನ ಫೋಟೋ ಹಾಕುವವರೂ ಇದನ್ನೇ ಹೇಳುತ್ತಿರಬಹುದಾ ಅಂತ ಯೋಚನೆ ಬಂತು. ನಾನು ಅವರಿಗೆ ಎಷ್ಟು ನಕ್ಕಿದ್ದೇನೆ! ಮರುದಿನ ಅವನಿಗೆ ಕೇಳಿದೆ, "ನಿನ್ನೆ ರಾತ್ರಿ ಎಂತ ಪದಾರ್ಥ ಮಾಡಿದ್ದೆ?" ಆರು ನಿಮಿಷದ ವಾಯ್ಸ್ ಮೆಸೇಜ್ ಬಂತು. ಅಲ್ಲಿಯ ಮಾರ್ಕೆಟಿನಲ್ಲಿ ಅಂಜಲ್ ತಂದದ್ದು, ರೂಮಿನ ಮಲಯಾಳಿ ಅದಕ್ಕೆ ಕೊಡಂಪುಳಿ ಹಾಕಲು ಹೊರಟದ್ದು, ಇವನು ಹುಣಸೆಹುಳಿಯೇ ಆಗಬೇಕು ಅಂತ ಜಗಳ ಮಾಡಿದ್ದು, ಕೊನೆಗೆ ಎರಡು ಪಾತ್ರೆಯಲ್ಲಿ ಎರಡು ಸಾರು. ನಾನು ಅದನ್ನು ಗ್ರೂಪಿಗೆ ಹಾಕು ಅಂದೆ. ಹಾಕಿದ. ಅವತ್ತು ಬಂದಷ್ಟು ಉತ್ತರ ಅವನ ಯಾವ ನೇತ್ರಾವತಿ ಜಾಮಿಗೂ ಬಂದಿರಲಿಲ್ಲ.

ಅವನು ಈಗಲೂ ಫಾರ್ವರ್ಡ್ ಮಾಡುತ್ತಾನೆ. ಕೆಳಗೆ ಒಂದು ಸಾಲು ಬರೆಯುತ್ತಾನೆ, ಕೆಲವು ಸಲ ಬರೆಯುವುದಿಲ್ಲ. ನಾನು ಗದರುವುದು ಬಿಟ್ಟಿದ್ದೇನೆ.

ಇದನ್ನು ಬರೆಯುವಾಗ ರಾತ್ರಿ ಹತ್ತು ಇಪ್ಪತ್ತು. ಹೊರಗೆ ಜೋರು ಮಳೆ. ಗ್ರೂಪಿನಲ್ಲಿ ಅಡ್ಮಿನ್ ಕೇಳಿದ್ದಾನೆ, "ನಾಳೆ ರಜೆ ಉಂಟಾ?" ಯಾರೂ ಕಾಗದ ಹಾಕಲಿಲ್ಲ. ಸುರತ್ಕಲ್‌ನವ, "ಇಲ್ಲಿ ಗಾಳಿ ಜಾಸ್ತಿ, ಮಳೆ ಕಡಿಮೆ" ಅಂದ. ನಾನು ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿ ಬಂದು ಬರೆದೆ: "ನಮ್ಮ ಮನೆ ಹಿಂದಿನ ತೋಡಿನ ನೀರು ಇನ್ನೂ ಮೆಟ್ಟಿಲಿಗೆ ಬಂದಿಲ್ಲ. ಶಾಲೆ ಉಂಟು ಅಂತ ಕಾಣ್ತದೆ." ಮಗಳು ಹಿಂದಿನಿಂದ ಇಣುಕಿ ಓದಿ ಮುಖ ಊದಿಸಿಕೊಂಡು ಹೋದಳು. ಯೂನಿಫಾರ್ಮ್ ಇನ್ನೂ ಒದ್ದೆ. ಕರೆಂಟ್ ಹೋಗುವ ಮೊದಲು ಇಸ್ತ್ರಿ ಹಾಕಬೇಕು, ನಾನು ಹೊರಟೆ.