ಕೆರಳಿ ಕೊಂದವನಿಗೆ ಶಿಕ್ಷೆ ಕಡಿಮೆಯಾಗಬೇಕೇ?

ಪರ: ವಿನಾಯಿತಿ ಉಳಿಯಲಿ

ಕೊಲೆ ರುಜುವಾತಾದರೆ ನ್ಯಾಯಾಧೀಶರ ಮುಂದಿರುವುದು ಎರಡೇ ಶಿಕ್ಷೆ: ಮರಣದಂಡನೆ ಇಲ್ಲವೇ ಜೀವಾವಧಿ. ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ ಅದಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ. ಜೀವಾವಧಿಯಾದವನು 14 ವರ್ಷ ಒಳಗಿರದೆ ಸರಕಾರದಿಂದ ಶಿಕ್ಷೆ ಮಾಫಿ ಕೇಳುವಂತೆಯೂ ಇಲ್ಲ. ಕೊಲೆ ಯಾವುದು ಎಂದು ಹೇಳುವ 101ನೇ ಕಲಮಿನ ಮೊದಲ ವಿನಾಯಿತಿ 'ಗಂಭೀರ ಮತ್ತು ಹಠಾತ್ ಪ್ರಚೋದನೆ'. ಅದು ಸಿಕ್ಕರೆ ಪ್ರಕರಣ 105ಕ್ಕೆ, ಅಂದರೆ ಕೊಲೆಯೆನಿಸದ ನರಹತ್ಯೆಗೆ ಇಳಿಯುತ್ತದೆ. ಕೊಲ್ಲುವ ಉದ್ದೇಶವಿದ್ದದ್ದು ರುಜುವಾತಾದರೆ ಅಲ್ಲೂ 5ರಿಂದ 10 ವರ್ಷ, ಬೇಕಾದರೆ ಜೀವಾವಧಿಯೇ. ಹಳೆಯ ದಂಡ ಸಂಹಿತೆಯಲ್ಲಿ ಆ 5 ವರ್ಷದ ಕೆಳಮಿತಿಯೂ ಇರಲಿಲ್ಲ. ಸಿಟ್ಟಿನ ನೆಪದಲ್ಲಿ ಕೊಂದು ಪಾರಾಗುತ್ತಾರೆ ಎನ್ನುವವರು ಈ ಕಲಂ ಓದಿದಂತಿಲ್ಲ.

ವಿನಾಯಿತಿ ಸುಲಭವಾಗಿ ಸಿಗುವುದೂ ಇಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಅಡಕೆ ತೋಟ ಎಂದಿಟ್ಟುಕೊಳ್ಳಿ, ಗುಡ್ಡ ಕೊರೆದು ತೆಗೆದ ಸುರಂಗದ ನೀರಿಗಾಗಿ ಅಣ್ಣತಮ್ಮಂದಿರ ತಕರಾರು. ಅಣ್ಣ ಬಂದು ತಮ್ಮನ ಹೆಂಡತಿಯ ಮೇಲೆ ಕೈಮಾಡುತ್ತಾನೆ. ಸೊಪ್ಪು ಕಡಿಯುತ್ತಿದ್ದ ತಮ್ಮ ಕೈಯಲ್ಲಿದ್ದ ಕತ್ತಿಯನ್ನೇ ಬೀಸುತ್ತಾನೆ, ಅಣ್ಣ ಸಾಯುತ್ತಾನೆ. ಇಲ್ಲಿ ವಿನಾಯಿತಿ ಸಿಗಬಹುದು. ಬದಲಿಗೆ ಅದೇ ತಮ್ಮ ಮನೆಗೆ ಹೋಗಿ, ಕತ್ತಿ ಮಸೆದು, ಸಂಜೆ ಅಣ್ಣ ಪೇಟೆಯಿಂದ ಬರುವ ದಾರಿಯಲ್ಲಿ ಕಾದು ಕಡಿದರೆ ಅದು ಶುದ್ಧ ಕೊಲೆ. ಆಯುಧ ಎಲ್ಲಿಂದ ಬಂತು, ನಡುವೆ ಎಷ್ಟು ಹೊತ್ತು ಹೋಯಿತು, ಬಿದ್ದ ಮೇಲೂ ಎಷ್ಟು ಏಟು ಹಾಕಿದ: ಕೋರ್ಟು ನೋಡುವುದು ಇವನ್ನೇ. ನಾನಾವತಿ ಪ್ರಕರಣದಲ್ಲಿ ಹೆಂಡತಿಯ ಬಾಯಿಂದಲೇ ಅವಳ ಪರಸಂಗ ತಿಳಿದ ನೌಕಾಧಿಕಾರಿ ಅವಳನ್ನೂ ಮಕ್ಕಳನ್ನೂ ಸಿನೆಮಾಕ್ಕೆ ಬಿಟ್ಟು, ಹಡಗಿನಿಂದ ರಿವಾಲ್ವರ್ ಮತ್ತು ಆರು ಗುಂಡು ಪಡೆದು, ಅವಳ ಪ್ರಿಯಕರನಲ್ಲಿಗೆ ಹೋಗಿ ಅವನನ್ನು ಕೊಂದಿದ್ದ. ಆ ಸುಮಾರು ಮೂರು ಗಂಟೆಯೇ ಅವನಿಗೆ ಮುಳುವಾಯಿತು. 1961ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು.

ತಾನೇ ಕಾಲುಕೆರೆದು ಜಗಳ ತೆಗೆದವನಿಗೆ ವಿನಾಯಿತಿ ಇಲ್ಲ. ಗಡಿಕಲ್ಲು ಅಳೆಯಲು ಕಾನೂನುಪ್ರಕಾರ ಬಂದ ಸರ್ವೇಯರನ ಮೇಲೆ ಕೆರಳಿದವನಿಗೂ ಇಲ್ಲ. ಪ್ರಚೋದನೆ ಇತ್ತೆಂದು ತೋರಿಸುವ ಹೊಣೆ ಆರೋಪಿಯದೇ. ಸಂಶಯಾತೀತವಾಗಿ ತೋರಿಸಬೇಕಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. ಸರಕಾರಿ ಸಾಕ್ಷಿಯ ಪಾಟೀಸವಾಲಿನಲ್ಲೇ ಅದನ್ನು ಹೊರಗೆಳೆಯಬಹುದು. ಕೆಲವು ವಕೀಲರು ಎಡವುವುದು ಇಲ್ಲಿ: ವಿಚಾರಣೆಯುದ್ದಕ್ಕೂ 'ನನ್ನ ಕಕ್ಷಿದಾರ ಅಲ್ಲಿರಲೇ ಇಲ್ಲ' ಎಂದು ವಾದಿಸಿ, ಕೊನೆಗೆ ಪ್ರಚೋದನೆಯ ಮಾತು ಎತ್ತುತ್ತಾರೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ.

ವಿರೋಧ: ತೆಗೆದುಹಾಕಿ, ಆದರೆ 103ನ್ನೂ ತಿದ್ದಿ

ಆ ತೋಟದಲ್ಲಿ ನಿಜವಾಗಿ ಏನು ನಡೆಯಿತು ಎಂದು ಹೇಳುವವರು ಯಾರು? ಒಬ್ಬ ಸತ್ತಿದ್ದಾನೆ. ಉಳಿದದ್ದು ಆರೋಪಿ, ಅವನ ಹೆಂಡತಿ. ಬೈಗುಳ ನಡೆದದ್ದು ತುಳುವಿನಲ್ಲೋ ಕನ್ನಡದಲ್ಲೋ, ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವುದು ಮಲಯಾಳದಲ್ಲಿ. 'ಅಸಭ್ಯವಾಗಿ ಬೈದ' ಎಂಬ ಒಂದು ಸಾಲಷ್ಟೇ ಕಾಗದಕ್ಕೆ ಇಳಿದರೆ, ಅದು ಯಾವನನ್ನಾದರೂ ಕೆರಳಿಸುವ ಮಾತೋ ದಿನನಿತ್ಯದ ಬೈಗುಳವೋ ಎಂದು ಕಾಸರಗೋಡು ವಿದ್ಯಾನಗರದ ಸೆಷನ್ಸ್ ಕೋರ್ಟು ವರ್ಷಗಳ ಮೇಲೆ ಊಹಿಸಬೇಕು. ಐದು ವರ್ಷವೋ ಜೀವಾವಧಿಯೋ ಎಂಬುದು ಆ ಒಂದು ಸಾಲಿಗೆ ಜೋತುಬೀಳಬಾರದು.

ಅದಕ್ಕಿಂತ ದೊಡ್ಡ ತಕರಾರು 'ಹಠಾತ್' ಎಂಬ ಷರತ್ತಿನದು. ಹತ್ತು ವರ್ಷ ಗಂಡನ ಪೆಟ್ಟು ತಿಂದವಳು ಅವನು ಹೊಡೆಯುವಾಗ ತಿರುಗಿಬೀಳುವುದಿಲ್ಲ, ಬಿದ್ದರೆ ಉಳಿಯುವುದಿಲ್ಲ. ಅವನು ಕುಡಿದು ಮಲಗುವವರೆಗೆ ಕಾಯುತ್ತಾಳೆ. ಆ ಕಾಯುವಿಕೆಯೇ ಅವಳ ವಿರುದ್ಧ ಸಾಕ್ಷಿ. ಹೆಂಡತಿಯ ಮೇಲಿನ ಗುಮಾನಿಯಲ್ಲಿ ನಿಂತ ನಿಲುವಿನಲ್ಲೇ ಕತ್ತಿ ಎತ್ತಿದವನಿಗೆ ಮಾತ್ರ ಈ ವಿನಾಯಿತಿ ಅಳತೆ ಕೊಟ್ಟು ಹೊಲಿಸಿದಂತಿದೆ. ಮದ್ರಾಸ್ ಹೈಕೋರ್ಟ್ 'ನಿರಂತರ ಪ್ರಚೋದನೆ'ಯನ್ನು ಒಪ್ಪಿದ್ದುಂಟು, 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಛತ್ತೀಸ್‌ಗಢದ ಪ್ರಕರಣವೊಂದರಲ್ಲಿ ಹಿಂದಿನ ಕಿರುಕುಳವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಆದರೆ ಅಲ್ಲಿ ಆರೋಪಿ ಪೆಟ್ಟು ತಿಂದ ಹೆಂಡತಿಯಲ್ಲ, ಅಣ್ಣತಮ್ಮಂದಿರಲ್ಲೊಬ್ಬ. 2023ರಲ್ಲಿ ಹೊಸ ಸಂಹಿತೆ ಬರೆಯುವಾಗ ಷರತ್ತನ್ನು ಹಾಗೆಯೇ ನಕಲು ಮಾಡಿದರು, ಒಂದು ವಿವರಣೆ ಸೇರಿಸಬಹುದಿತ್ತು.

ಇಂಗ್ಲೆಂಡಿನಲ್ಲಿ 2009ರ ಕಾಯ್ದೆ, ಸಂಗಾತಿಯ ಪರಸಂಗವನ್ನಷ್ಟೇ ಮುಂದಿಟ್ಟು ಕೊಲೆಯ ಆರೋಪ ತಗ್ಗಿಸಿಕೊಳ್ಳದಂತೆ ಮಾಡಿತು. ನ್ಯೂಜಿಲೆಂಡ್ ಅದೇ ವರ್ಷ ಪ್ರಚೋದನೆಯ ವಾದವನ್ನೇ ಕಿತ್ತುಹಾಕಿತು. ಅಲ್ಲಿ ಕೊಲೆಗೆ ಜೀವಾವಧಿ ತೀರಾ ಅನ್ಯಾಯವೆನಿಸಿದರೆ ನ್ಯಾಯಾಧೀಶರು ಇಳಿಸಬಹುದು. ಪರವಾದಿಗಳ ಬಲವಾದ ಮಾತೆಂದರೆ 103ರ ಕಟ್ಟು. ಆ ಕಟ್ಟನ್ನೇ ಸಡಿಲಿಸಿದರೆ ಅವರ ವಾದಕ್ಕೆ ನೆಲೆಯಿಲ್ಲ. ಶಿಕ್ಷೆಯ ಪ್ರಮಾಣದ ಬಗ್ಗೆ ಪ್ರತ್ಯೇಕ ವಾದ ಕೇಳುವ ಹಂತ ಸೆಷನ್ಸ್ ವಿಚಾರಣೆಯಲ್ಲಿ ಈಗಲೂ ಇದೆ. ಕೆರಳಿಕೆ, ವರ್ಷಗಳ ಹೊಡೆತ, ಹಿಂದೆ ಕೊಟ್ಟ ಪೊಲೀಸ್ ದೂರು, ಗಾಯದ ಆಸ್ಪತ್ರೆ ಚೀಟಿ ಎಲ್ಲವನ್ನೂ ಅಲ್ಲಿ ಇಡಲಿ, ಸತ್ತವನ ಮನೆಯವರ ಮಾತನ್ನೂ ಕೇಳಲಿ.